ಸವೆದ ಚಪ್ಪಲಿ ಬೇಕಾಗಿದೆ

ಅಷ್ಟೂ ಅವಾಂತರಕ್ಕೆ ಮೂಲ ಒಂದು ಜೊತೆ ಹೊಸ ಚಪ್ಪಲಿ.

ಸದಾ ಜಡೆಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ಆ ಹುಡುಗಿಯನ್ನು ಕುರ್ಚಿ ಕಾರ್ಖಾನೆಯವರೆಲ್ಲ ಪೆನ್ಸಿಲ್ ಎಂದೇ ಕರೆಯುತ್ತಿದ್ದರು. ಮೂಟೆ ಹೊರುವವನ ಮಗಳು. ನಕ್ಷೆ ಬಿಡಿಸುವುದನ್ನು ಹಟ ಹಿಡಿದು ಕಲಿತವಳು. ಬಡ ಮಕ್ಕಳನ್ನು ಮೇಲೆ ತರುವ ಯೋಜನೆಯಲ್ಲಿ ಅವಳನ್ನು ಸೇರಿಸಿಕೊಂಡಿದ್ದರು. ಕೆಲಸವೆಂದರೆ ಅತಿಥಿಗಳು ಬಂದಾಗ ವೇದಿಕೆ ಹತ್ತಿ ತನ್ನ ಕಷ್ಟ ಹೇಳುವುದು, ಉಳಿದ ಹೊತ್ತು ಗೋಡೆಗೆ ಒರಗಿ ನಿಲ್ಲುವುದು. ಕುರ್ಚಿಗಳನ್ನೇ ಮಾಡುವ ಆ ಕಟ್ಟಡದಲ್ಲಿ ಕೂರಲು ಕುರ್ಚಿಯಿಲ್ಲದವಳು ಅವಳೊಬ್ಬಳೇ. ಇವತ್ತಿನ ಸಭೆ ಚೆನ್ನಾಗಿ ನಡೆದರೆ ನಕ್ಷೆ ಕೋಣೆಯ ಖಾಲಿ ಕುರ್ಚಿ ಅವಳದೇ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು.

ಆ ಖುಷಿಗೆ ಅವಳು ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದಳು. ಮ್ಯಾನೇಜರ್ ಅದನ್ನು ಕಂಡು ಹಣೆ ಚಚ್ಚಿಕೊಂಡರು.

“ಏನಮ್ಮ ಇದು? ಆಗಲೇ ಮೇಲೆ ಬಂದುಬಿಟ್ಟಿರೋ ಹಾಗೆ ಕಾಣ್ತೀಯಲ್ಲ. ಇನ್ನು ನಾವು ಯಾರನ್ನ ತರೋದು?”

“ಬರಿಗಾಲಲ್ಲಿ ನಿಲ್ಲಿಸೋಣ ಸಾರ್,” ಅಂದರು ಲೆಕ್ಕ ಬರೆಯುವವರು.

“ಬೇಡಪ್ಪ, ಆಮೇಲೆ ನಮ್ಮ ಯೋಜನೆ ಏನು ಕಡಿದು ಕಟ್ಟೆ ಹಾಕಿದೆ ಅಂತ ಕೇಳ್ತಾರೆ. ಚಪ್ಪಲಿ ಇರಬೇಕು, ಸವೆದಿರಬೇಕು.”

ಹೊಸ ಚಪ್ಪಲಿ ಬೀರು ಸೇರಿತು. ಸವೆದ ಜೊತೆಗಾಗಿ ಇಡೀ ಕಾರ್ಖಾನೆ ಬಗ್ಗಿ ಬಗ್ಗಿ ಒಬ್ಬರ ಕಾಲನ್ನೊಬ್ಬರು ನೋಡತೊಡಗಿತು. ಕಾವಲುಗಾರನ ಬೂಟು ಫಳಫಳ ಹೊಳೆಯುತ್ತಿತ್ತು. ಕಸ ಗುಡಿಸುವ ಅಕ್ಕನದೂ ಹೊಸದೇ.

“ಮಗಳು ಕೊಡಿಸಿದ್ದು. ಮುಟ್ಟಿ ನೋಡೋಣ,” ಎಂದು ಆಕೆ ಪೊರಕೆ ಎತ್ತಿದಳು.

ಕೊನೆಗೆ ಲೆಕ್ಕದವರೇ ಎಲ್ಲಿಂದಲೋ ಒಂದು ಜೊತೆ ಹಿಡಿದು ಬಂದರು. ಹಿಮ್ಮಡಿ ಸವೆದು ಕಾಗದವಾಗಿತ್ತು. ಪಟ್ಟಿಗೆ ತಂತಿ ಸುತ್ತಿತ್ತು.

“ಯಾರದಣ್ಣ ಇದು?” ಅಂದಳು ಪೆನ್ಸಿಲ್.

“ಯಜಮಾನರದು. ಅವರ ಜಿಪುಣತನ ನಿನಗೆ ಗೊತ್ತಲ್ಲ. ಇವತ್ತು ಅತಿಥಿಗಳು ಅಂತ ಬೂಟು ಹಾಕಿದ್ದಾರೆ, ಇದು ಮೇಜಿನ ಕೆಳಗಿತ್ತು. ಬಾಯಿ ಬಿಡಬೇಡ.”

ತನ್ನ ಕಾಲಿಗಿಂತ ಎರಡು ಬೆರಳು ಉದ್ದದ ಚಪ್ಪಲಿ ಎಳೆಯುತ್ತ ಪೆನ್ಸಿಲ್ ವೇದಿಕೆ ಹತ್ತಿದಳು. ಅಲ್ಲೇ ಕೂತಿದ್ದ ಯಜಮಾನರ ಮುಖ ಬಿಳಿಚಿಕೊಂಡಿತು. ಮುಖ್ಯ ಅತಿಥಿಯಾಗಿ ಬಂದಿದ್ದ ಹಿರಿಯ ಹೆಂಗಸು ಆ ಕಾಲುಗಳನ್ನು ನೋಡಿ ಕಣ್ಣೊರೆಸಿಕೊಂಡರು.

“ಅಯ್ಯೋ ಪಾಪ. ಈ ಚಪ್ಪಲಿಯ ಕಥೆ ಹೇಳಮ್ಮ.”

ಕೆಳಗಿನಿಂದ ಮ್ಯಾನೇಜರ್ ‘ಅಳು, ಅಳು’ ಎಂದು ಸನ್ನೆ ಮಾಡಿದರು. ಅವಳಿಗೆ ಅಪ್ಪನ ಬಾಗಿದ ಬೆನ್ನು ನೆನಪಾಯಿತು. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

“ಇದು ನನ್ನದಲ್ಲ ಅಮ್ಮ, ಯಜಮಾನರದು. ನನ್ನದು ಹೊಸದು, ಬೀರುವಿನಲ್ಲಿದೆ. ನಮ್ಮಪ್ಪ ಮೂಟೆ ಹೊತ್ತು ನನ್ನನ್ನ ಓದಿಸಿದ್ದು ನೀವೆಲ್ಲ ಪಾಪ ಅನ್ನಲಿ ಅಂತಲ್ಲ. ನನಗೆ ನಕ್ಷೆ ಬಿಡಿಸೋಕೆ ಬರುತ್ತೆ. ಕೂತು ಕೆಲಸ ಮಾಡೋಕೆ ಒಂದು ಕುರ್ಚಿ ಕೊಡಿ ಸಾಕು. ಮೇಲಕ್ಕೆ ನಾನೇ ಹತ್ಕೊಳ್ತೀನಿ.”

ಅತಿಥಿ ಎದ್ದರು. ಅವಳನ್ನು ದಾಟಿಕೊಂಡು ನೇರ ಯಜಮಾನರ ಮುಂದೆ ಹೋಗಿ ಕೈ ಮುಗಿದರು.

“ನೀವು ಇಂಥದ್ದು ಮೆಟ್ಟಿಕೊಂಡು ಬಡ ಮಕ್ಕಳ ಕಾಲಿಗೆ ಹೊಸದು ಹಾಕಿಸ್ತೀರಾ? ಎಂಥ ತ್ಯಾಗ ಸ್ವಾಮಿ ನಿಮ್ಮದು.”

ಯಜಮಾನರು ಒಂದು ಗಳಿಗೆ ಕಕ್ಕಾಬಿಕ್ಕಿಯಾದರು. ಆಮೇಲೆ ವಿನಯದಿಂದ ತಲೆ ತಗ್ಗಿಸಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಫೋಟೋದವನು ಪೆನ್ಸಿಲ್‌ಗೆ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿ, ಚಪ್ಪಲಿ ಬಿಚ್ಚಿಸಿಕೊಂಡ.

ಸಭೆಯಂತೂ ಚೆನ್ನಾಗಿ ನಡೆದಿತ್ತು, ಮಾತು ಮಾತೇ. ಅವಳು ಬರಿಗಾಲಲ್ಲೇ ನಕ್ಷೆ ಕೋಣೆಗೆ ಓಡಿದಳು. ಕಿಟಕಿಯ ಪಕ್ಕ ಕುರ್ಚಿ ಇತ್ತು. ಕುರ್ಚಿಯ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ಯಜಮಾನರ ಚಪ್ಪಲಿ.

“ಪಾದುಕೆ ಅನ್ನಬೇಕಂತೆ,” ಅಂದರು ಮ್ಯಾನೇಜರ್. “ಬರೋರೆಲ್ಲ ಇನ್ಮೇಲೆ ಇದನ್ನೇ ನೋಡ್ತಾರೆ. ನೀನು ಪಕ್ಕದಲ್ಲಿ ನಿಂತು ಇದರ ಕಥೆ ಹೇಳಿದ್ರಾಯ್ತು. ನಿನ್ನ ಕಷ್ಟ ಇನ್ನು ಬೇಡ.”

ಪೆನ್ಸಿಲ್ ಬೀರುವಿನಿಂದ ಹೊಸ ಚಪ್ಪಲಿ ತೆಗೆದು ಮೆಟ್ಟಿಕೊಂಡು ಟಕಟಕ ಸದ್ದು ಮಾಡುತ್ತ ವಾಪಸು ಬಂದಳು. ಜಡೆಯಿಂದ ಪೆನ್ಸಿಲ್ ಎಳೆದು, ಹಲಗೆಯ ಮೇಲೆ ಕಾಗದ ಹರಡಿ, ನಿಂತುಕೊಂಡೇ ಗೆರೆ ಎಳೆಯತೊಡಗಿದಳು.

“ಏನಮ್ಮ ಅದು?”

“ಕುರ್ಚಿ ಸಾರ್. ಚಪ್ಪಲಿ ಇಟ್ರೆ ಜಾರಿ ಬೀಳೋ ಅಂಥದ್ದು.”