ಟಗರಿನ ತಲೆಯ ಸರದಿ

ಯುಗಾದಿಯ ಮರುದಿನ, ಹೊಸತೊಡಕಿನ ಬೆಳಗ್ಗೆ ಲಾವಣ್ಯ ಡಬರಿ ಹಿಡಿದು ಹೊರಟಾಗ ಅಜ್ಜಿ ಜಗಲಿಯಿಂದಲೇ ಕೂಗಿದಳು: "ತಲೆ ತಗಂಬಾರೇ ತಾಯಿ! ಜ್ವರ ಬಂದ್ಮೇಲೆ ಬಾಯಿ ಕೆಟ್ಟೋಗೈತೆ. ತಲೆಮಾಂಸದ ಸಾರು ಕುಡುದ್ರೆ ಎದ್ದು ಓಡಾಡ್ತೀನಿ."

ದೊಡ್ಡೇರಿ ಕಡೆಯ ಆ ಕೇರಿಯಲ್ಲಿ ಎಂಟು ಮನೆಯವರು ಸೇರಿ ಒಂದು ಟಗರು ಕೊಯ್ದು, ಮಾಂಸವನ್ನು ಸಮನಾಗಿ ಗುಡ್ಡೆ ಹಾಕುವುದು ವಾಡಿಕೆ. ಮೋಸವಾಗದಿರಲೆಂದು ಗುಡ್ಡೆ ಹಾಕಿದವನು ತನ್ನ ಪಾಲನ್ನು ಕೊನೆಗೆ ಎತ್ತಬೇಕು. ಆದರೆ ಟಗರು ಎಂಟು ತಲೆ ಇಟ್ಟುಕೊಂಡು ಹುಟ್ಟುವುದಿಲ್ಲವಲ್ಲ! ತಲೆಯನ್ನು ಕುಕ್ಕೆಯಡಿ ಮುಚ್ಚಿಟ್ಟು ಎಲ್ಲರೂ ಜಗಳಕ್ಕೆ ನಿಂತಿದ್ದರು.

"ನಮಗೆ ಕೊಡಿ" ಎಂದು ಕೇಳಲು ಲಾವಣ್ಯಳಿಗೆ ನಾಚಿಕೆ. ಡಬರಿಯನ್ನು ಪಾತ್ರೆಗಳ ಸಾಲಿನಲ್ಲಿಟ್ಟು ಹುಣಸೆಮರದ ಮರೆಗೆ ಸರಿದಳು. ಆದರೂ ಜಗಳದಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ಅಂಜಿನಮೂರ್ತಿಯ ಕಣ್ಣಿಗೆ ಬಿದ್ದೇಬಿಟ್ಟಳು.

"ಲೇ, ಬಿ.ಎ. ಓದಿರೋಳು ಇಲ್ಲೇ ಅವ್ಳೆ ಕಣ್ರುಲಾ! ದೇಶ ಆಳೋದು ಓದ್ಕಂಡೋಳಿಗೆ ಒಂದು ತಲೆ ಹಂಚಾಕೆ ಬರಾಕಿಲ್ವಾ? ಹೇಳವ್ವ."

ಲಾವಣ್ಯ ನೆಲ ನೋಡುತ್ತಲೇ ಶುರು ಮಾಡಿದಳು. "ಅಮೆರಿಕದಾಗೆ ಅಧ್ಯಕ್ಷ ಯಾರು ಅಂತ್ಲೇ ಜನ ವೋಟ್ ಹಾಕ್ತಾರೆ. ಗೆದ್ದೋರ ಕುರ್ಚಿ ನಾಕು ವರ್ಷ ಗಟ್ಟಿ."

ಕೈಯೆತ್ತಿದರು. ಪ್ರತಿ ಮನೆಯೂ ತನಗೇ ವೋಟು ಹಾಕಿಕೊಂಡಿತು.

"ನಮ್ದೇಶದಾಗೆ, ಇಂಗ್ಲೆಂಡಿನಾಗೆ, ಗೆದ್ದೋರಲ್ಲಿ ಹೆಚ್ಚು ಜನ ಯಾರ ಕಡೆಗೋ ಅವ್ರು ಪ್ರಧಾನಿ. ಬ್ಯಾಡಾದ್ರೆ ನಡುವೇನೇ ಇಳಿಸ್ಬೋದು."

ಐದು ಮನೆ ಸೇರಿ ಅಂಜಿನಮೂರ್ತಿಯನ್ನು ಮುಂದೆ ಮಾಡಿದವು. ನಾಲಿಗೆ ಯಾರಿಗೆ, ಮೆದುಳು ಯಾರಿಗೆ ಎಂಬಲ್ಲಿ ಆ ಸರ್ಕಾರ ಬೀಡಿ ಆರುವಷ್ಟರಲ್ಲಿ ಬಿತ್ತು.

ಲಾವಣ್ಯಳಿಗೆ ಈಗ ಹುರುಪು ಬಂದಿತ್ತು. ಮರದ ಮರೆಯಿಂದ ಹೊರಗೇ ಬಂದಿದ್ದಳು. ಗುಡ್ಡೆ ಹಾಕುವ ಹುಚ್ಚಣ್ಣ ಮಾತ್ರ ಇದಾವುದನ್ನೂ ಕೇಳದೆ ಪಾತ್ರೆಗಳ ನಡುವೆ ಓಡಾಡುತ್ತಿದ್ದ.

"ಸ್ವಿಟ್ಜರ್ಲೆಂಡಿನಾಗೆ ಏಳು ಜನ ಸೇರಿ ಆಳ್ತಾರೆ. ವರ್ಷಕ್ಕೊಬ್ರು ಸರದಿ ಮೇಲೆ ಅಧ್ಯಕ್ಷರು. ಜಗಳವೇ ಇಲ್ಲ."

"ಇದಪ್ಪಾ ಮಾತು!" ಎಂದು ಕೇರಿಯೇ ಕೂಗಿತು. ವರ್ಷಕ್ಕೊಂದು ಮನೆಗೆ ತಲೆ; ಹಿರಿಯಳಾದ ನಾಗಕ್ಕನಿಗೆ ಮೊದಲ ಸರದಿ. "ಪದ್ಧತಿ ಹಾಕ್ದೋಳು ನೀನು ಕಣವ್ವ. ಗುಡ್ಡೆ ಹಾಕ್ದೋನಂಗೆ ನೀನೂ ಕೊನೆಗೇ" ಎಂದ ಅಂಜಿನಮೂರ್ತಿ. ಲಾವಣ್ಯ ತಲೆಯಾಡಿಸಿದಳು. ಕೇರಿ ತನ್ನ ಮಾತು ಕೇಳಿತಲ್ಲ ಎಂದು ಅವಳ ಕಣ್ಣು ತುಂಬಿತ್ತು.

ನಾಗಕ್ಕ ಕುಕ್ಕೆ ಎತ್ತಿದಳು. ತಲೆಯಿಲ್ಲ!

ಪಾತ್ರೆಗಳನ್ನೆಲ್ಲ ತಡಕಾಡಿದರು. ತಲೆ ಲಾವಣ್ಯಳ ಡಬರಿಯಲ್ಲಿತ್ತು, ಮೇಲೆ ಮುತ್ತುಗದ ಎಲೆ ಹೊದ್ದು.

"ನಾನೇ ಇಟ್ಟಿದ್ದು," ಎಂದ ಹುಚ್ಚಣ್ಣ, ಕತ್ತಿ ಒರೆಸುತ್ತ. "ಮುದುಕಿ ಮಲಗವ್ಳೆ ಅಂತ. ಈ ಜಗಳದಾಗೆ ಯಾರಿಗೂ ಕಾಣಾಕಿಲ್ಲ ಅನ್ಕಂಡೆ. ನೀನು ಸುಮ್ಕೆ ಡಬರಿ ಎತ್ಕಂಡು ಹೋಗಿದ್ರೆ ಇಷ್ಟೊತ್ಗೆ ಸಾರು ಕುದೀತಿತ್ತಲ್ಲವ್ವ!"

ನಾಗಕ್ಕ ತಲೆಯನ್ನೂ ನೋಡಿದಳು, ಲಾವಣ್ಯಳನ್ನೂ ನೋಡಿದಳು. "ಕೊಟ್ಬುಡ್ತಿದ್ದೆ ಕಣಮ್ಮ. ಆದ್ರೆ ನೀನು ಮಾಡಿದ ಕಾನೂನನ್ನ ಮೊದಲ್ನೇ ದಿನಾನೇ ಮುರಿಯಾಕಾಯ್ತದಾ?" ಎಂದು ತಲೆಯನ್ನು ಸೆರಗಿನಡಿ ಸೇರಿಸಿಕೊಂಡಳು.

ಬರೀ ಗುಡ್ಡೆಯ ಪಾಲು ಹೊತ್ತು ಮನೆಗೆ ಬಂದ ಲಾವಣ್ಯ ಅಳುತ್ತಲೇ ಎಲ್ಲವನ್ನೂ ಹೇಳಿದಳು. ಅಜ್ಜಿ ಬೆರಳು ಮಡಿಸಿ ಎಣಿಸಿದಳು.

"ಅಂಗಾದ್ರೆ ನಮ್ ಸರದಿ ಬರಾಕೆ ಇನ್ನೇಳು ವರ್ಷ. ಅಲ್ಲೀಗಂಟ ನಾನು ಸಾಯಂಗಿಲ್ಲ ಅನ್ನು! ಯಾವ ಡಾಕ್ಟ್ರೂ ಇಷ್ಟು ಆಯುಸ್ಸು ಬರ್ಕೊಟ್ಟಿರ್ಲಿಲ್ಲ ಕಣೇ, ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದವಳೇ ಕಂಬ ಹಿಡಿದು ಎದ್ದು, ಒಲೆ ಹಚ್ಚಲು ಹೊರಟಳು.