ತಾಯಣ್ಣನ ತಬಲಾ

ಗದ್ವಾಲದ ಭಜನಾ ಸ್ಪರ್ಧೆಗೆ ಹೊರಡುವ ಮುಂಜಾನೆ ಮಂಡಳಿಯ ಹಿರಿಯ ಕರಿಬಸಯ್ಯನವರು ಒಂದು ಮಾತು ಅಂದುಬಿಟ್ಟರು.

"ತಾಯಣ್ಣ, ಇವತ್ತ ತಾಳ ತಪ್ಪಿತಂದ್ರ ಇನ್ನ ಮ್ಯಾಲೆ ತಬಲಾ ನಮ್ಮ ಅಳಿಯ ಬಸವಪ್ರಸಾದಗ ಕೊಡಾಕ ಬೇಕಾಗತೈತಿ ನೋಡು."

ಮಕ್ತಲದಲ್ಲಿ ಹಿಟ್ಟಿನ ಗಿರಣಿ ನಡೆಸುವ ತಾಯಣ್ಣನಿಗೆ ತಬಲಾ ಅಂದರೆ ಉಸಿರಾಡಿದ ಹಾಗೆ. ಗಿರಣಿ ತಿರುಗುತ್ತಿದ್ದರೆ ಗಿರಾಕಿಗಳ ಡಬ್ಬಿಯ ಮೇಲೆ ಬೆರಳು ತಾವಾಗಿಯೇ ಆಡುತ್ತಿದ್ದವು. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವನು ಮೊದಲ ಸಲ ತನ್ನ ಬೆರಳುಗಳನ್ನು ನೋಡಿಕೊಂಡ. ಎಲ್ಲವೂ ಬೇರೆ ಯಾರವೋ ಅನ್ನಿಸಿದವು.

ಟೆಂಪೋದಲ್ಲಿ ಎಲ್ಲರೂ ಅವನಿಗೆ ಧೈರ್ಯ ಹೇಳಲು ಶುರುಮಾಡಿದರು.

"ಉಣಬ್ಯಾಡ. ಹೊಟ್ಟಿ ಭಾರಾದ್ರ ಕೈಯೂ ಭಾರಾಗತಾವ" ಎಂದ ಹಾರ್ಮೋನಿಯಂ ಪೇಟಿ ಬಾರಿಸುವ ಯಂಕಣ್ಣ.

"ಖಾಲಿ ಹೊಟ್ಟಿಲೆ ಕೈ ನಡಗತಾವಪ್ಪಾ" ಎಂದು ಹಾಡುವ ಮಹಾಂತಮ್ಮ ರೊಟ್ಟಿಯ ಗಂಟು ಬಿಚ್ಚಿದಳು.

ಬಸವಪ್ರಸಾದ ಬಹಳ ವಿನಯದಿಂದ ಹೇಳಿದ: "ಕಾಕಾ, ತಾಳದ ಐದನೇ ಮಾತ್ರೆಗೆ ನೀವು ಸ್ವಲ್ಪ ಗಡಿಬಿಡಿ ಮಾಡ್ತೀರಿ. ಅಷ್ಟು ನೋಡಿಕೊಳ್ರಿ."

ತಾಯಣ್ಣ ಜನ್ಮದಲ್ಲಿ ಮಾತ್ರೆ ಎಣಿಸಿದವನಲ್ಲ. ಜುರಾಲಾ ಡ್ಯಾಮಿನ ಮೇಲೆ ಟೆಂಪೋ ಹೋಗುವಾಗ ಎಲ್ಲರೂ ನೀರು ನೋಡಿದರೆ ಅವನು ತೊಡೆಯ ಮೇಲೆ ಐದನೆಯದನ್ನು ಹುಡುಕುತ್ತಿದ್ದ. ನಾಲ್ಕಾದ ಮೇಲೆ ಪ್ರತಿಸಲವೂ ಆರೇ ಬರುತ್ತಿತ್ತು.

ಗದ್ವಾಲದ ಸಭಾಂಗಣದ ಮುಂದಿನ ಸಾಲಿನಲ್ಲಿ ಮೂವರು ಪೆನ್ನು ಹಿಡಿದು ಕೂತಿದ್ದರು. ಎದೆಗೆ ರಿಬ್ಬನ್ ಚುಚ್ಚಿಕೊಂಡ ಸಾಯಿಪ್ರಸಾದ್ ಎಂಬ ಕಾರ್ಯಕರ್ತ ಓಡಿ ಬಂದ.

"ಮಕ್ತಲದವರು ಜಲ್ದಿ ಸ್ಟೇಜ್ ಹತ್ರಿ. ಒಂದು ಪದ ಹಾಡ್ರಿ."

ಹಾಡು ಎತ್ತಿದರು. ತಾಯಣ್ಣನ ಮೊದಲ ಪೆಟ್ಟು ತಡವಾಯಿತು, ಎರಡನೆಯದು ಬೇಗ ಬಿತ್ತು, ಆಮೇಲೆ ತಾಳವು ಪಟ್ಟಿ ಕಳಚಿದ ಗಿರಣಿಯಂತೆ ಬಡಬಡಿಸಿತು. ಕರಿಬಸಯ್ಯನವರು ಹಾಡುತ್ತಲೇ ಕಣ್ಣು ಕೆಕ್ಕರಿಸಿದರು. ತನ್ನ ತಬಲಾ ಬಸವಪ್ರಸಾದನ ಮುಂದೆ ಕೂತಿರುವ ಚಿತ್ರ ಕಣ್ಣಿಗೆ ಕಟ್ಟಿ ತಾಯಣ್ಣ ಇನ್ನೊಂದು ಪೆಟ್ಟು ತಪ್ಪಿದ. ಮುಂದಿನ ಸಾಲಿನ ಮಧ್ಯದವನು ಏನೋ ಗೀಚಿಕೊಂಡ. ಆಮೇಲೆ ಬಾಯಿ ತುಂಬ ಆಕಳಿಸಿ, ಪಕ್ಕದವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದ.

ಮುಗೀತು ಬಿಡು, ಅಂದುಕೊಂಡ ತಾಯಣ್ಣ. ತಬಲಾ ಹೋಯಿತು. ಹೋದ ಮೇಲೆ ಇನ್ನು ಭಯವೆಲ್ಲಿಯದು? ಎದೆಯ ಮೇಲಿನ ಜೋಳದ ಚೀಲ ಯಾರೋ ಇಳಿಸಿದಂತಾಯಿತು. ಮಾತ್ರೆ ಮರೆತುಹೋಯಿತು, ಗದ್ವಾಲವೂ ಮರೆತುಹೋಯಿತು. ಹಾಡು ಮಾತ್ರ ಕೇಳಿಸಿತು. ಕೈ ತಾನೇ ಅದರ ಬೆನ್ನು ಹತ್ತಿ ಓಡಿತು. ಹಿಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಲಗಿದ್ದವನೂ ಎಚ್ಚರಾಗಿ ತಲೆದೂಗಿದ.

ಪದ ಮುಗಿದಾಗ ಕರಿಬಸಯ್ಯನವರ ಕಣ್ಣಲ್ಲಿ ನೀರಿತ್ತು. "ಬದುಕಿರೋತನ ತಬಲಾ ನಿಂದಽ ಮಾರಾಯಾ" ಎಂದರು.

ತಾಯಣ್ಣ ಕೈಮುಗಿದು ಇಳಿಯಲು ಹೊರಟಾಗ ಸಾಯಿಪ್ರಸಾದ್ ಅಡ್ಡ ಬಂದ.

"ಇಳೀಬ್ಯಾಡ್ರಿ. ಮೈಕ್ ಟೆಸ್ಟ್ ಆತು, ಬರಾಬರ್ ಐತಿ. ಜಡ್ಜ್ ಸಾಹೇಬ್ರ ಕಾರು ಈಗ ಗೇಟಿಗೆ ಬಂತು, ಸ್ಪರ್ಧೆ ಸುರು ಮಾಡೂಣು. ಮೊದಲನೇ ನಂಬರ್ ನಿಮ್ದ."

"ಮತ್ತ ಅವರ್ಯಾರು?" ತಾಯಣ್ಣ ಮುಂದಿನ ಸಾಲು ತೋರಿಸಿದ.

"ಅವರಾ? ಅಡಿಗಿಯವರು. ಎಷ್ಟು ಮಂದಿ ಊಟಕ್ಕಿದ್ದಾರಂತ ನೋಡಾಕ ಕುಂತಾರ."

ಕರಿಬಸಯ್ಯನವರು ಬಾಗಿ ಅವನ ಕಿವಿಯಲ್ಲಿ ಹೇಳಿದರು: "ಈಗ ಬಾರಿಸಿದಂಗಽ ಬಾರಿಸು. ಕೂದಲೆಳಿಯಷ್ಟೂ ಫರಕ್ ಆಗಬಾರದು."

ತಾಯಣ್ಣ ತಲೆಯಾಡಿಸಿದ. ಆದರೆ ಈಗಷ್ಟೇ ತಾನು ಹೇಗೆ ಬಾರಿಸಿದೆನೆಂಬುದು ಅವನಿಗೆ ಒಂದಿಷ್ಟೂ ನೆನಪಾಗಲಿಲ್ಲ.