ಅರಿಶಿಣದ ಹಗೇವೂ ನನ್ನ ಇಂಜಿನಿಯರಿಂಗೂ

ಒಂದು ಬೊಗಸೆ ಅರಿಶಿಣದ ಕೊಂಬನ್ನು ಮೂಸಿ ಅದು ಯಾವ ಊರಿನ, ಯಾವ ಹೊಲದ ಮಾಲು ಎಂದು ಹೇಳಬಲ್ಲ ಮನುಷ್ಯನಿಗೆ ಹಳೆಯ ಮನೆಯೊಂದನ್ನು ರಿಪೇರಿ ಮಾಡಿಸುವುದು ಯಾವ ಮಹಾ ಕೆಲಸ? ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ಅರಿಶಿಣದ ವ್ಯಾಪಾರ ಮಾಡಿದವನು ನಾನು. ಇಂಜಿನಿಯರು, ಆರ್ಕಿಟೆಕ್ಟು, ಕಾಂಟ್ರಾಕ್ಟರು ಎಂಬ ಮೂರು ತಲೆಯ ಪ್ರಾಣಿಯನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳದೆ, ಹರಿಪುರ ರಸ್ತೆಯ ನಮ್ಮ ವಾಡೆಯನ್ನು ಹೊಸದು ಮಾಡಿ ತೋರಿಸುತ್ತೇನೆಂದು ಪಡಸಾಲೆಯ ನಡುವೆ ನಿಂತು ಘೋಷಿಸಿದೆ. ಘೋಷಣೆ ಎಷ್ಟು ಜೋರಾಗಿತ್ತೆಂದರೆ ಮೇಲಿನ ಜಂತಿಯಿಂದ ಒಂದು ಹಿಡಿ ಮಣ್ಣು ನನ್ನ ತಲೆಯ ಮೇಲೆ ಉದುರಿತು!

"ನೋಡು, ಮನಿ ಸೈತ ಹೂಂ ಅಂತು," ಎಂದೆ ಹೆಂಡತಿಗೆ.

"ಹೂಂ ಅನ್ಲಿಲ್ರಿ. ಥೂ ಅಂತು," ಎಂದಳು ಇಂದುಬಾಯಿ.

ಅವಳ ಸಿಟ್ಟಿಗೂ ಕಾರಣವಿತ್ತು. ಅಡುಗೆಮನೆಯಲ್ಲಿ ನಳವಿಲ್ಲ, ಅಂಗಳದಿಂದ ಕೊಡ ಹೊರಬೇಕು. ಗೋಡೆಗೆ ಒರಗಿದರೆ ಅರ್ಧ ಗೋಡೆ ಸೀರೆಗೆ ಅಂಟಿಕೊಂಡು ಬರುತ್ತದೆ. ಈ ಸಿಟ್ಟಿಗೆ ಗಾಳಿ ಹಾಕಲು ಅವಳ ತಮ್ಮ ಅಮೋಲ ಬೇರೆ. ಅವನು ಫ್ಲ್ಯಾಟು ಮಾರಿಸುವ ದಲಾಲ. ಕುಪವಾಡದ ಕಡೆ ನಾಲ್ಕನೆಯ ಮಾಳಿಗೆಯಲ್ಲಿ ಒಂದು ಫ್ಲ್ಯಾಟನ್ನು ಅಕ್ಕನಿಗಾಗಿಯೇ ಹಿಡಿದಿಟ್ಟಿದ್ದ.

"ಅಕ್ಕಾ, ಎಕದಮ್ ಮಸ್ತ ಐತಿ. ಲಿಫ್ಟ್, ಬಾಲ್ಕನಿ, ಚೋವೀಸ ತಾಸ ನೀರು! ದಾಜೀಗೂ ಮುಪ್ಪಿನಾಗ ಆರಾಮ."

ದಾಜಿ ಎಂದರೆ ಭಾವ, ಅಂದರೆ ನಾನು. ನನಗೆ ಐವತ್ತೆಂಟು. ಮುಪ್ಪಂತೆ!

ಕೊನೆಗೆ ಇಂದುಬಾಯಿ ತೀರ್ಪು ಕೊಟ್ಟಳು. "ಬಸವ ಜಯಂತಿ ದಿನ ಹತ್ತು ಗಂಟೇಕ್ಕ ನನ್ನ ಅಡಗಿಮನಿ ನಳದಾಗ ನೀರು ಬರಬೇಕು, ಪಡಸಾಲಿ ಗ್ವಾಡಿ ಬೆಳ್ಳಗಿರಬೇಕು. ಬಂದ್ರ ಇಲ್ಲೇ ಇರೂಣು. ಇಲ್ಲಾಂದ್ರ ಹನ್ನೊಂದಕ್ಕ ಫ್ಲ್ಯಾಟ್ ಬುಕ್ ಮಾಡೂಣು. ಈ ವಾಡೇ ಮಾರೂಣು."

ನಾನು ಹುಟ್ಟಿದ್ದು ಆ ವಾಡೆಯಲ್ಲಿ. ಕೊಂಡವನು ಮೊದಲ ದಿನವೇ ಜೆಸಿಬಿ ತರುತ್ತಾನೆಂಬುದು ವ್ಯಾಪಾರಿಯಾದ ನನಗೆ ಗೊತ್ತಿಲ್ಲದ ಸಂಗತಿಯೇ?

ಕೆಲಸಕ್ಕೆ ಸಲಗರೆಯ ಗೌಂಡಿ ಕಾಡಪ್ಪನನ್ನು ಕರೆಸಿದೆ. ಹಳೆಯ ಮಣ್ಣಿನ ಗೋಡೆಗೆ ಸಿಮೆಂಟು ಹಿಡಿಯುವುದಿಲ್ಲ, ಸುಣ್ಣದ ಗಾರೆಯ ಗಿಲಾವೇ ಆಗಬೇಕೆಂದು ತಿಳಿದ ಕೈ ಅವನದು. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಎರಡು ತಿಂಗಳಲ್ಲಿ ಮೇಲ್ಮುದ್ದೆಯ ಮಣ್ಣಿನ ಛಾವಣಿ ಸೋರುವುದು ನಿಂತಿತು, ಜಂತಿ ಗಟ್ಟಿಯಾಯಿತು, ಪಡಸಾಲೆಯ ಗೋಡೆ ಹಾಲಿನ ಕೆನೆಯಂತೆ ಬೆಳ್ಳಗಾಯಿತು. ಉಳಿದದ್ದು ನೀರು. ಮುನಸಿಪಾಲ್ಟಿಯ ನೀರು ಬರುವುದು ದಿನಕ್ಕೆ ಒಂದು ತಾಸು. ಅದನ್ನು ಕೂಡಿಡಲು ನೆಲದೊಳಗೆ ಟಾಕಿ ಬೇಕು.

"ಅಂಗಳದಾಗ ಕಲ್ಲು ಹತ್ತೇತ್ರಿ ಸಾವ್ಕಾರ್ರ. ತಗ್ಗು ತೋಡಾಕ ಎಂಟು ದಿನ," ಎಂದ ಕಾಡಪ್ಪ.

ಬಸವ ಜಯಂತಿಗೆ ಉಳಿದದ್ದು ಐದೇ ದಿನ! ಆಗ ನೋಡಿ, ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ತೋಡುವುದೇಕೆ? ತೋಡಿದ ತಗ್ಗು ಹಿತ್ತಲ ಪಡಸಾಲೆಯ ಚಪ್ಪಡಿಯ ಕೆಳಗೆ ಸಿದ್ಧವಾಗಿಯೇ ಇದೆಯಲ್ಲ! ನಮ್ಮ ತಂದೆಯ ಕಾಲದ ಹಗೇವು! ಆಗೆಲ್ಲ ಅರಿಶಿಣವನ್ನು ನೆಲದೊಳಗಿನ ಇಂಥ ಹಗೇವಿಗೆ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿ ಬಿಡುತ್ತಿದ್ದರು. ಮೂರು ವರ್ಷ ಬಿಟ್ಟು ತೆಗೆದರೂ ಒಂದು ಹುಳ ಇಲ್ಲ. ಮಹಾಪೂರ ಬಂದ ವರ್ಷಗಳಲ್ಲೂ ಕೃಷ್ಣೆ ನಮ್ಮ ದಿಬ್ಬ ಹತ್ತಲಿಲ್ಲವಾದ್ದರಿಂದ ಅದು ಇದ್ದ ಹಾಗೆಯೇ ಇತ್ತು. ಕೋಲ್ಡ್ ಸ್ಟೋರೇಜುಗಳು ಬಂದ ಮೇಲೆ ಮೂವತ್ತು ವರ್ಷದಿಂದ ಖಾಲಿ.

ಕಾಡಪ್ಪ ಚಪ್ಪಡಿ ಸರಿಸಿದ. ಒಂದು ದಿನ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದೆ ಉರಿದ ಮೇಲೆ ತಾನು ಇಳಿದ. ಹತ್ತು ನಿಮಿಷದ ನಂತರ ಮೇಲೆ ಬಂದವನನ್ನು ನೋಡಿದರೆ ಮದುವೆಯ ಹಿಂದಿನ ದಿನದ ಮದುಮಗ! ಮೀಸೆಯಿಂದ ಹಿಮ್ಮಡಿಯವರೆಗೆ ಹಳದಿ.

"ಗ್ವಾಡಿಗೆಲ್ಲ ಅರಿಶಿಣ ಮೆತ್ತೇತ್ರಿ. ತಳದಾಗ ಗೇಣ ಪುಡಿ ಬಿದ್ದೇತಿ. ಎಲ್ಲಾ ಕೆರದು, ತೊಳದು, ಸಿಮೆಂಟ್ ಬಳಿಬೇಕ್ರಿ. ಆರು ದಿನ."

"ಇರೂದು ನಾಕ ದಿನ! ಮತ್ತ ಅರಿಶಿಣ ಅಂದ್ರ ಏನಂತ ತಿಳದಿ? ಔಷಧ! ಮಂದಿ ರೊಕ್ಕಾ ಕೊಟ್ಟು ಹಾಲಿನ್ಯಾಗ ಹಾಕ್ಕೊಂಡು ಕುಡಿತಾರ!"

ಕೆರೆಯಲಿಲ್ಲ, ತೊಳೆಯಲಿಲ್ಲ. ಅಂಗಡಿಯಲ್ಲಿದ್ದ ಎರಡು ತುಂಡು ತಾಡಪತ್ರಿ ತಂದು, ಒಂದರ ಮೇಲೊಂದು ಅಂಚು ಬರುವಂತೆ ಹಗೇವಿನೊಳಗೆ ಹಾಸಿಸಿದೆ. ಮೇಲೆ ಪಂಪು ಕೂಡಿಸಿ, ಅಡುಗೆಮನೆಗೆ ನಳ ಎಳೆಸಿದೆ. ಟಾಕಿ ತಯಾರು!

"ಜೋಡ ಹಚ್ಚಿದಲ್ಲಿ ಸೋರತೈತ್ರಿ," ಎಂದ ಕಾಡಪ್ಪ.

"ಸೋರಿ ಎಲ್ಲಿ ಹೋಗತೈತಿ? ನಮ್ಮ ಹಗೇವಿನ್ಯಾಗs ಇರತೈತಲ್ಲ!"

ಕಾಡಪ್ಪ ನನ್ನನ್ನೇ ನೋಡಿದ. "ನೀವು ಕಲತವ್ರು," ಎಂದು ಎಲೆಗೆ ಸುಣ್ಣ ಹಚ್ಚತೊಡಗಿದ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಹೆಂಡತಿಗೆ ಮಾತ್ರ "ಟಾಕಿ ಆತು" ಎಂದಷ್ಟೇ ಹೇಳಿದೆ. ವ್ಯಾಪಾರದ ಗುಟ್ಟನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ?

ಎರಡು ದಿನ ನೀರು ತುಂಬಿಸಿದೆವು. ಹಗೇವಿನ ಕತ್ತಲೆಯಲ್ಲಿ ನೀರಿನ ಬಣ್ಣ ಯಾರಿಗೆ ಕಾಣಬೇಕು!

ಬಸವ ಜಯಂತಿ ಬಂತು. ಪೂಜೆ ಮುಗಿಯುವ ಹೊತ್ತಿಗೆ ಅಮೋಲ ಹಾಜರ್. ಬುಕ್ಕಿಂಗಿಗೆಂದು ಗರಿಗರಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು. ಕೈಯಲ್ಲಿ ಫೈಲು. ಬಾಯಲ್ಲಿ ನಗು. ನನ್ನ ವಾಡೆಯ ಅಂತ್ಯಕ್ರಿಯೆಗೆ ಇಷ್ಟು ಶುಭ್ರವಾಗಿ ಯಾರೂ ಬಂದಿರಲಾರರು.

ಇಂದುಬಾಯಿ ಪಡಸಾಲೆಯ ಗೋಡೆಯ ಮೇಲೆ ಬೆರಳಾಡಿಸಿದಳು. ಬೆರಳು ನೋಡಿಕೊಂಡಳು. ಮತ್ತೆ ಆಡಿಸಿದಳು.

"ಗ್ವಾಡಿ ಛಲೋ ಆಗೇತಿ. ಕಾಡಪ್ಪಾ, ಕೈ ಬಂಗಾರ ನಿಂದು."

ಹಣ ಸುರಿದವನು ನಾನು, ಬಂಗಾರ ಅವನ ಕೈ! ಇರಲಿ. ಅಮೋಲನ ನಗು ಒಂದು ಇಂಚು ಕಡಿಮೆಯಾಯಿತು.

"ಈಗ ನಳಾ ಬಿಡ್ರಿ," ಎಂದಳು.

ಸುಮ್ಮನೆ ಅಡುಗೆಮನೆಯ ನಳ ತಿರುವಿದ್ದರೆ ಒಂದು ತಂಬಿಗೆಯಲ್ಲಿ ಮುಗಿಯುತ್ತಿತ್ತು ಕಥೆ. ಆದರೆ ಗೆಲುವಿನ ಗಳಿಗೆಯಲ್ಲಿ ಮೈದುನನ ಎದುರು ಬರೀ ನಳ ತಿರುವುವುದೇ? "ತಡೀ! ಸುಣ್ಣದ ಗ್ವಾಡಿಗೆ ದಿನಾ ನೀರು ಹೊಡಿಬೇಕಲ್ಲ? ಇವತ್ತ ಕೊಡದಿಂದ ಚಿಮುಕ್ಸೂದಲ್ಲ, ನಮ್ಮ ಟಾಕಿ ಜೋರು ನೋಡ್ರಿ!" ಎಂದು ಪಂಪಿಗೆ ಉದ್ದನೆಯ ಪೈಪು ಜೋಡಿಸಿ, ಅಗ್ನಿಶಾಮಕ ದಳದವನಂತೆ ಕಾಲು ಅಗಲಿಸಿ ನಿಂತೆ.

"ಚಾಲು ಮಾಡೋ ಕಾಡಪ್ಪಾ!"

ಪೈಪು ಗುರ್ ಎಂದಿತು, ನೀರು ಚಿಮ್ಮಿತು! ನನ್ನ ಕಣ್ಣು ಗೋಡೆಯ ಮೇಲಿರಲಿಲ್ಲ, ಸೋಲುತ್ತಿರುವ ಅಮೋಲನ ಮುಖದ ಮೇಲಿತ್ತು. ಆ ಮುಖ ನೋಡನೋಡುತ್ತಿದ್ದಂತೆ ಅರಳಿತು. ಸೋಲುವವನು ಅರಳುವುದೇಕೆ?

"ಅಯ್ಯs ಶಿವನ! ಗ್ವಾಡಿ ನೋಡ್ರಿ, ಗ್ವಾಡಿ!" ಎಂದು ಕೂಗಿದಳು ಇಂದುಬಾಯಿ.

ನೋಡಿದೆ. ನೀರು ಬಿದ್ದಲ್ಲಿ ಹಳದಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆಂಪು! ಕೆನೆಯಂಥ ಗೋಡೆಯ ಮೇಲೆ ಉದ್ದಕ್ಕೂ ಕುಂಕುಮದ ಕಾಲುವೆ! ಅರಿಶಿಣಕ್ಕೆ ಸುಣ್ಣ ಸೋಕಿದರೆ ಕೆಂಪಾಗುತ್ತದೆಂದು ಆರತಿಯ ನೀರು ಕದಡುವ ಸಣ್ಣ ಹುಡುಗಿಗೂ ಗೊತ್ತು. ಅರಿಶಿಣದ ಧೂಳಿನಲ್ಲೇ ತಲೆ ನರೆತ ನನಗೆ ಮಾತ್ರ ನೆನಪಾಗಲಿಲ್ಲ!

ಗಾಬರಿಯಲ್ಲಿ "ಬಂದ್ ಮಾಡೋ!" ಎಂದು ಕಾಡಪ್ಪನ ಕಡೆ ತಿರುಗಿದೆ. ನನ್ನ ಜೊತೆ ಪೈಪೂ ತಿರುಗಿತು. ಕಾಡಪ್ಪನಿಗೂ ನನಗೂ ನಡುವೆ ನಿಂತಿದ್ದವನು ಅಮೋಲ.

"ದಾಜೀ! ಕಾಯ್ ಕೇಲಂತ ಹೇ! ಏನ ಮಾಡಿದ್ರಿ ಇದು!"

ಕಾಲರಿನಿಂದ ಬೂಟಿನವರೆಗೆ ಹಳದಿ. ಮೈದುನ ಬಚ್ಚಲಿಗೆ ಓಡಿದ.

"ಸಾಬೂನು ಹಚ್ಚಬ್ಯಾಡೋ ಅಮೋಲಾ!" ಎಂದು ಅಕ್ಕ ಚೀರಿದಳು. ಹಚ್ಚಿಯಾಗಿತ್ತು. ಸಾಬೂನಿಗೂ ಸುಣ್ಣಕ್ಕೂ ಗುಣ ಒಂದೇ. ಹೊರಗೆ ಬಂದ ಅಮೋಲನ ಅಂಗಿ ಕೆಂಪು, ಪ್ಯಾಂಟು ಹಳದಿ, ಮುಖ ಎರಡೂ. ಅದೇ ಹೊತ್ತಿಗೆ ಬಿಲ್ಡರನ ಫೋನು. "ಹೋ ಸಾಹೇಬ್, ನಿಘಾಲೋ, ನಿಘಾಲೋ! ವಾಟೇತಚ್ ಆಹೇ!" ಎಂದ ಅವನು, ಪಡಸಾಲೆಯ ನಡುವೆ ನೀರು ತೊಟ್ಟಿಕ್ಕಿಸುತ್ತ. ಹೊರಟಿದ್ದಾನಂತೆ, ದಾರಿಯಲ್ಲೇ ಇದ್ದಾನಂತೆ! ಇವನೂ ವ್ಯಾಪಾರಿಯೇ ಎಂದು ಆ ಸಂಕಟದಲ್ಲೂ ಮೆಚ್ಚಿಕೊಂಡೆ.

ಗಡಿಯಾರ ನೋಡಿದೆ. ಹತ್ತೂವರೆ. ಇಂದುಬಾಯಿ ಅಡುಗೆಮನೆಗೆ ಹೋಗಿ ನಳ ಬಿಟ್ಟು, ಒಂದು ತಂಬಿಗೆ ನೀರು ಹಿಡಿದು ತಂದಳು. ಮೂಗಿನ ಹತ್ತಿರ ಒಯ್ದಳು.

"ಟಾಕಿ ಎಲ್ಲಿ ಕಟ್ಟೀರಿ?"

"ಕಟ್ಟಿಲ್ಲ," ಎಂದೆ. "ಹಗೇವ ಇತ್ತಲ್ಲ…"

"ತೊಳೀಲಿಲ್ಲೇನೋ ಕಾಡಪ್ಪಾ?"

"ಸಾವ್ಕಾರ್ರು ಔಷಧ ಅಂದ್ರು, ಅವ್ವಾರ."

ಅವಳು ಕೆಂಪು ಗೋಡೆಯ ಹತ್ತಿರ ಹೋಗಿ ಮತ್ತೆ ಬೆರಳಾಡಿಸಿದಳು. ನಾನು ಮನಸ್ಸಿನಲ್ಲೇ ಪಡಸಾಲೆಯ ಕಂಬಗಳಿಗೆ ಒಂದೊಂದಾಗಿ ಕೈಮುಗಿದು ಬೀಳ್ಕೊಂಡೆ. ನಾಲ್ಕನೆಯ ಮಾಳಿಗೆಯ ಬಾಲ್ಕನಿಯಲ್ಲಿ ಕುಂಡದಲ್ಲಿಟ್ಟ ತುಳಸಿಯ ಹಾಗೆ ನಾನೂ ಒಂದು ಮೂಲೆಯಲ್ಲಿ ಕುಂತಂತೆ ಕಂಡಿತು. ಅಮೋಲ ಒದ್ದೆ ಫೈಲು ಬಿಚ್ಚಿ, "ಅಕ್ಕಾ, ಹಿಂಗs ನಡೀ, ಬರೀ ಸಹಿ ಒಂದು," ಎಂದ.

"ಬಿಲ್ಡರಗ ಫೋನ್ ಹಚ್ಚು," ಎಂದಳು ಇಂದುಬಾಯಿ. "ಫ್ಲ್ಯಾಟ್ ಬ್ಯಾಡಂತ ಹೇಳು."

"ಅಕ್ಕಾ!"

"ಇಂದೂ!" ಎಂದೆ ನಾನೂ. ಎದೆಯುಬ್ಬಿತು! ಎಷ್ಟಾದರೂ ಮೂವತ್ತೈದು ವರ್ಷದ ಸಂಸಾರ. ನನ್ನ ಕಷ್ಟ, ನನ್ನ ಪ್ರಯತ್ನ ಅವಳ ಮನಸ್ಸು ಮುಟ್ಟಿದೆ!

ಅವಳು ನನ್ನ ಕಡೆ ನೋಡಲೂ ಇಲ್ಲ. ತಮ್ಮನಿಗೆ ಗೋಡೆ ತೋರಿಸಿದಳು.

"ನೋಡಿಲ್ಲಿ. ನಮ್ಮ ಮಾಂವನಾರು ಮಾರಿದ ಅರಿಶಿಣದಾಗ ಕೆಳಗ ಬಿದ್ದ ಕಸ ಇದು. ಮೂವತ್ತ ವರ್ಷ ಮಣ್ಣಾಗ ಇದ್ದು ಇನ್ನೂ ಒಂದ ಗ್ವಾಡಿ, ಒಬ್ಬ ಮನಶ್ಯಾನ್ನ ಬಣ್ಣಾ ಮಾಡೇತಿ. ನಿಮ್ಮ ದಾಜಿ ಅಂಗಡ್ಯಾಗಿಂದ ಮನೀಗೆ ತರೂ ಪುಡಿ ನಾಕ ಚಮಚ ಹಾಕಿದ್ರೂ ಒಂದು ಬಟಾಟಿ ಪಲ್ಲೆ ಹಳದಿ ಆಗಂಗಿಲ್ಲ. ಖರೇ ಮಾಲು ಇರೂದು ಈ ಮನ್ಯಾಗ ಒಂದs. ಇದನ್ನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ."

ಆಮೇಲೆ ತಂಬಿಗೆಯನ್ನು ನನ್ನ ಕೈಗಿಟ್ಟಳು.

"ನಾಳೆ ಅಂಗಡಿಗೆ ಹೋಗ್ತ ಎರಡು ಕೊಡ ತುಂಬ್ಕೊಂಡು ಹೋಗ್ರಿ. ನಿಮ್ಮ ಮಾಲಿನ್ಯಾಗ ಬೆರಸ್ರಿ. ಗಿರಾಕಿಗೋಳಿಗೂ ಒಂದಿಷ್ಟು ಅರಿಶಿಣ ಸಿಗ್ಲಿ!"